ಟಿಕೆಟ್ ತಪ್ಪಿದ್ದು ಅವರಿಗೆ, ಮತ ಉಳಿದಿರುವುದು ನಮಗೆ

2024ರ ಮಾರ್ಚ್ 27ರಂದು ವಿಧಾನಸೌಧದಲ್ಲಿ ನಡೆದದ್ದನ್ನು ಕೋಲಾರ ಜಿಲ್ಲೆಯ ಜನ ಟಿ.ವಿ.ಯಲ್ಲಿ ಕಣ್ಣಾರೆ ನೋಡಿದರು. ಸಚಿವ ಎಂ.ಸಿ. ಸುಧಾಕರ್, ಶಾಸಕರಾದ ಕೊತ್ತೂರು ಮಂಜುನಾಥ್ ಮತ್ತು ಕೆ.ವೈ. ನಂಜೇಗೌಡ, ವಿಧಾನ ಪರಿಷತ್ ಸದಸ್ಯರಾದ ಅನಿಲ್ ಕುಮಾರ್ ಮತ್ತು ನಸೀರ್ ಅಹ್ಮದ್ ಒಂದೇ ಮಾತು ಹೇಳಿದರು: ಕೋಲಾರ ಲೋಕಸಭೆಯ ಕಾಂಗ್ರೆಸ್ ಟಿಕೆಟ್ ಇಲ್ಲಿನ ಮಾಜಿ ಸಂಸದ ಕೆ.ಎಚ್. ಮುನಿಯಪ್ಪನವರ ಅಳಿಯ ಚಿಕ್ಕಪೆದ್ದಣ್ಣನವರಿಗೆ ಹೋದರೆ ನಾವು ರಾಜೀನಾಮೆ ಕೊಡುತ್ತೇವೆ. ಪರಿಷತ್ ಸದಸ್ಯರು ರಾಜೀನಾಮೆ ಪತ್ರ ಹಿಡಿದು ಸಭಾಪತಿ ಬಸವರಾಜ ಹೊರಟ್ಟಿಯವರ ಮುಂದೆಯೂ ನಿಂತರು. ಮೂರೇ ದಿನದಲ್ಲಿ ಹೈಕಮಾಂಡ್ ಮುನಿಯಪ್ಪನವರ ಬಣಕ್ಕೂ ಅವರ ವಿರೋಧಿ ಬಣಕ್ಕೂ ಸೇರದ, ಬೆಂಗಳೂರಿನ ಮಾಜಿ ಮೇಯರ್ ಒಬ್ಬರ ಮಗ ಕೆ.ವಿ. ಗೌತಮ್ ಅವರ ಹೆಸರನ್ನು ಪ್ರಕಟಿಸಿತು. ಆಚೆ ದಂಡೆಯ ಕಥೆಯೂ ಬೇರೆಯಾಗಿರಲಿಲ್ಲ. 2019ರಲ್ಲಿ ಕೋಲಾರದಲ್ಲಿ ಬಿಜೆಪಿಗೆ ಮೊದಲ ಗೆಲುವು ತಂದುಕೊಟ್ಟ ಹಾಲಿ ಸಂಸದ ಎಸ್. ಮುನಿಸ್ವಾಮಿಯವರಿಗೆ ಟಿಕೆಟ್ ಸಿಗಲಿಲ್ಲ; ಮೈತ್ರಿಯ ಲೆಕ್ಕದಲ್ಲಿ ಕ್ಷೇತ್ರ ಜೆಡಿಎಸ್ ಪಾಲಾಗಿ, ಬಂಗಾರಪೇಟೆ ವಿಧಾನಸಭೆಯಲ್ಲಿ ಎರಡು ಸಲ ಸೋತಿದ್ದ ಎಂ. ಮಲ್ಲೇಶ್ ಬಾಬು ಅಭ್ಯರ್ಥಿಯಾದರು.

ಹೀಗಾಗಿ ಆ ಏಪ್ರಿಲ್ 26ರಂದು ಕೆಜಿಎಫ್‌ನಲ್ಲೋ ಬಂಗಾರಪೇಟೆಯಲ್ಲೋ ಮತಗಟ್ಟೆಯ ಸಾಲಿನಲ್ಲಿ ನಿಂತವರಲ್ಲಿ ಬಹಳಷ್ಟು ಮಂದಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಮತಯಂತ್ರದ ಮೇಲೆ ತಾವು ಮೆಚ್ಚಿದ ಹೆಸರು ಇರಲಿಲ್ಲ. ಉಳಿದವರಲ್ಲಿ ಒಬ್ಬರನ್ನು ಆರಿಸಬೇಕಿತ್ತು. ನಮ್ಮ ಚುನಾವಣಾ ಚರ್ಚೆಗಳು ಈ ಮತದಾರನನ್ನು ಗಮನಿಸುವುದೇ ಇಲ್ಲ. ಟಿಕೆಟ್ ಯಾರಿಗೆ ತಪ್ಪಿತು, ಯಾರು ಮುನಿಸಿಕೊಂಡರು, ಯಾರು ಯಾರ ಮನೆಗೆ ಹೋಗಿ ಸಮಾಧಾನ ಮಾಡಿದರು ಎಂಬುದು ಪುಟಗಟ್ಟಲೆ ಬರುತ್ತದೆ. ಟಿಕೆಟ್ ತಪ್ಪಿದ ನಾಯಕನಿಗೆ ಮತ ಹಾಕಲು ಸಿದ್ಧನಾಗಿದ್ದವನು ಈಗ ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಯಾರಿಗೂ ಬೇಡ. ಆ ಮತ ನಾಯಕನ ಜೇಬಿನಲ್ಲಿದೆ, ಅವನು ಬೆರಳು ತೋರಿದ ಕಡೆ ಹೋಗುತ್ತದೆ ಎಂದು ಎಲ್ಲರೂ ನಂಬಿದಂತಿದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಮೆಚ್ಚಿದ ಅಭ್ಯರ್ಥಿ ಕಣದಲ್ಲಿಲ್ಲದ ಚುನಾವಣೆಯಲ್ಲೇ ಮತದಾರ ನಿಜವಾಗಿ ಸ್ವತಂತ್ರ. ಆ ಎರಡನೇ ಆಯ್ಕೆಯನ್ನು ನಾಯಕನ ಸೂಚನೆಗೂ ಬಿಡಬಾರದು, ಸ್ವಂತ ಸಿಟ್ಟಿಗೂ ಬಿಡಬಾರದು. ಮೊದಲನೆಯವನನ್ನು ಏಕೆ ಮೆಚ್ಚಿದ್ದೆವೋ ಆ ಕಾರಣಗಳನ್ನು ಬಿಡಿಸಿಟ್ಟುಕೊಂಡು ಮಾಡಬೇಕು.

ಒಬ್ಬ ಅಭ್ಯರ್ಥಿಯನ್ನು ನಾವು ಒಂದೇ ಕಾರಣಕ್ಕೆ ಮೆಚ್ಚುವುದಿಲ್ಲ. ಪಕ್ಷ, ಜಾತಿ, ಊರಿನವನೆಂಬ ಅಭಿಮಾನ, ಹಿಂದೆಂದೋ ಆದ ಉಪಕಾರ, ಒಂದು ಕೆಲಸ ಮಾಡಿಸಿಯಾನೆಂಬ ಭರವಸೆ, ಎದುರಾಳಿಯ ಮೇಲಿನ ಬೇಸರ, ಇವೆಲ್ಲ ಒಂದೇ ಗಂಟಿನಲ್ಲಿರುತ್ತವೆ. ಆತ ಕಣದಲ್ಲಿರುವವರೆಗೆ ಗಂಟು ಬಿಚ್ಚುವ ಅಗತ್ಯವೇ ಬೀಳುವುದಿಲ್ಲ. ಆತ ಹೊರಬಿದ್ದ ದಿನ ಬಿಚ್ಚಲೇಬೇಕು, ಏಕೆಂದರೆ ಉಳಿದವರಲ್ಲಿ ಯಾರೂ ಇಡೀ ಗಂಟನ್ನು ಹೊತ್ತಿರುವುದಿಲ್ಲ. ಒಬ್ಬನಲ್ಲಿ ಪಕ್ಷ ಸಿಗುತ್ತದೆ, ಊರು ಸಿಗುವುದಿಲ್ಲ. ಇನ್ನೊಬ್ಬನಲ್ಲಿ ಊರು ಸಿಗುತ್ತದೆ, ಪಕ್ಷ ಹೊಂದುವುದಿಲ್ಲ. ಆಗ ಮತದಾರ ತನ್ನನ್ನೇ ಕೇಳಿಕೊಳ್ಳಬೇಕು: ಇವುಗಳಲ್ಲಿ ನನಗೆ ಬಿಡಲಾಗದ್ದು ಯಾವುದು, ಬಿಟ್ಟರೆ ನಡೆಯುವುದು ಯಾವುದು? 2024ರಲ್ಲಿ ಕೋಲಾರದ ಕಾಂಗ್ರೆಸ್ ಮತದಾರನಿಗೆ ಈ ಲೆಕ್ಕ ಹಾಕಲು ಸಿಕ್ಕಿದ್ದು ನಾಲ್ಕು ವಾರಕ್ಕೂ ಕಡಿಮೆ ಸಮಯ. ಗೌತಮ್ ಅವರ ಹೆಸರು ಹೊರಬಿದ್ದದ್ದು ಮಾರ್ಚ್ 30ರಂದು, ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 4. ಅಭ್ಯರ್ಥಿಯ ಮುಖ ಪರಿಚಯವಾಗುವಷ್ಟರಲ್ಲಿ ಪ್ರಚಾರ ಮುಗಿದಿತ್ತು. ಹಾಗಾಗಿ ಈ ಪಟ್ಟಿ ಮತದಾರನ ಮನಸ್ಸಿನಲ್ಲಿ ಮೊದಲೇ ಸಿದ್ಧವಿರಬೇಕು. ಟಿಕೆಟ್ ಗಲಾಟೆ ಶುರುವಾದ ಮೇಲೆ ಹುಡುಕುತ್ತ ಕೂತರೆ ಸಿಗುವುದಿಲ್ಲ.

ಕೆಜಿಎಫ್‌ನ ಮಟ್ಟಿಗೆ ಆ ಪಟ್ಟಿಯಲ್ಲಿ ಏನಿರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. 2001ರ ಫೆಬ್ರುವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಊರಿನ ದುಡಿಮೆಯೇ ಬೆಂಗಳೂರಿಗೆ ಸ್ಥಳಾಂತರಗೊಂಡಿದೆ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆ ಜಂಕ್ಷನ್‌ಗೆ ಬರುವಷ್ಟರಲ್ಲಿ ಬೋಗಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟಿಫಿನ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತವರು ರಾತ್ರಿ ಮನೆ ಸೇರುವುದು ಮಕ್ಕಳು ಮಲಗಿದ ಮೇಲೆ. ರೈಲು ಕೇಂದ್ರದ್ದು. ಮುಚ್ಚಿದ ಗಣಿಯ ಜಮೀನು ಮತ್ತು ಆಸ್ತಿ ಕೇಂದ್ರ ಗಣಿ ಸಚಿವಾಲಯದ ಅಧೀನದಲ್ಲಿವೆ. ಬೆಮೆಲ್ ರಕ್ಷಣಾ ಸಚಿವಾಲಯದ ಉದ್ಯಮ. ಗಾಳಿ ಬೀಸಿದರೆ ಮನೆಯೊಳಗೆ ದೂಳು ತರುವ ಸೈನೈಡ್ ದಿಬ್ಬಗಳ ವಿಚಾರವೂ ಅಷ್ಟೇ: 13 ದಿಬ್ಬಗಳಿರುವ ಸಾವಿರ ಎಕರೆಗೂ ಮಿಕ್ಕಿದ ಜಾಗದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ, ಲೋಕಸಭೆ ಫಲಿತಾಂಶ ಬಂದ ಅದೇ ತಿಂಗಳಲ್ಲಿ, ಒಪ್ಪಿಗೆ ಕೊಟ್ಟಿತು. ಅಂದರೆ ದೇಶದ ಬೇರೆ ಊರುಗಳಲ್ಲಿ ಸಂಸದನಿಗೆ ನಿತ್ಯಜೀವನದ ಮೇಲೆ ಹಿಡಿತ ಕಡಿಮೆ ಎನ್ನಬಹುದು, ಕೆಜಿಎಫ್‌ನಲ್ಲಿ ಆ ಮಾತು ನಡೆಯುವುದಿಲ್ಲ. ಇಲ್ಲಿ ಮನೆಯ ಹಕ್ಕು, ಕೆಲಸ, ಉಸಿರಾಡುವ ಗಾಳಿ ಎಲ್ಲದರ ಕಡತ ದೆಹಲಿಯಲ್ಲಿದೆ. ಬಂಗಾರಪೇಟೆಯ ರೈತನಿಗೆ ಅದೇ ಪ್ರಶ್ನೆ ನೀರಿನ ರೂಪದಲ್ಲಿ ಬರುತ್ತದೆ: ಕೆ.ಸಿ. ವ್ಯಾಲಿ ಯೋಜನೆಯಿಂದ ಕೆರೆಗೆ ಬರುವ ಬೆಂಗಳೂರಿನ ತ್ಯಾಜ್ಯ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ. ಅದನ್ನು ಕೇಳಬೇಕಾದದ್ದು ರಾಜ್ಯ ಸರ್ಕಾರವನ್ನು, ಹಿಡಿದು ಕೇಳಿಸಬೇಕಾದವರು ಶಾಸಕರು. ಯಾವ ಚುನಾವಣೆಯಲ್ಲಿ ಯಾವ ಪ್ರಶ್ನೆ ಮೊದಲು ಬರಬೇಕೆಂದು ತಿಳಿದವನಿಗೆ, ಮೆಚ್ಚಿದ ಮುಖ ಕಾಣೆಯಾದರೂ ಉಳಿದವರನ್ನು ಅಳೆಯುವ ಕೋಲು ಕೈಯಲ್ಲಿರುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ, ನಂಬಿದ ನಾಯಕ ಯಾರನ್ನು ತೋರಿಸುತ್ತಾನೋ ಅವನಿಗೆ ಹಾಕಿದರಾಯಿತು, ಉಳಿದವರ ಗುಣದೋಷ ಅವನಿಗೇ ಚೆನ್ನಾಗಿ ಗೊತ್ತಲ್ಲ ಎಂಬುದು ಮೊದಲ ಆಕ್ಷೇಪ. ಇದಕ್ಕೆ ಉತ್ತರ ಪಕ್ಕದ ಮುಳಬಾಗಿಲಿನಲ್ಲಿದೆ. 2018ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿನ ಕಾಂಗ್ರೆಸ್ ಅಭ್ಯರ್ಥಿ ಕೊತ್ತೂರು ಮಂಜುನಾಥ್ ಅವರ ನಾಮಪತ್ರ ಜಾತಿ ಪ್ರಮಾಣಪತ್ರದ ಕಾರಣಕ್ಕೆ ತಿರಸ್ಕೃತವಾಯಿತು. ಮೀಸಲು ಕ್ಷೇತ್ರದಲ್ಲಿ ಕೈ ಗುರುತೇ ಇಲ್ಲದಂತಾಯಿತು. ಕಾಂಗ್ರೆಸ್ ಬೆಂಬಲ ಪಕ್ಷೇತರ ಎಚ್. ನಾಗೇಶ್ ಅವರ ಕಡೆ ತಿರುಗಿತು. ಜೆಡಿಎಸ್‌ನ ಸಮೃದ್ಧಿ ಮಂಜುನಾಥ್ ಅವರನ್ನು ಸೋಲಿಸಿ ಅವರು ಗೆದ್ದರು. ಅಲ್ಲಿಗೆ ಕಥೆ ಮುಗಿಯಲಿಲ್ಲ. 2019ರ ಜೂನ್‌ನಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದಲ್ಲಿ ಮಂತ್ರಿಯಾದ ನಾಗೇಶ್ ಜುಲೈನಲ್ಲಿ ಅದೇ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡರು, ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರದ ಮಂತ್ರಿಯಾದರು, 2023ರಲ್ಲಿ ಬೆಂಗಳೂರಿನ ಮಹದೇವಪುರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತರು. ಕಾಂಗ್ರೆಸ್ ಸರ್ಕಾರ ಬರಲೆಂದು ಅವರಿಗೆ ಮತ ಹಾಕಿದ ಮುಳಬಾಗಿಲಿನವನ ಮತ, ಅವನನ್ನು ಕೇಳದೆ, ಆ ಸರ್ಕಾರ ಬೀಳಿಸುವ ಲೆಕ್ಕಕ್ಕೆ ಸೇರಿತು. ಇಲ್ಲಿ ತೋರಿಸಿದವರದೋ ಗೆದ್ದವರದೋ ಉದ್ದೇಶ ಕೆಟ್ಟದ್ದಿತ್ತು ಎಂದು ಹೇಳಬೇಕಾಗಿಲ್ಲ. ನಾಯಕ ತನ್ನ ಬೆಂಬಲವನ್ನು ಇನ್ನೊಬ್ಬರಿಗೆ ಕೊಡಬಲ್ಲ, ಆ ಇನ್ನೊಬ್ಬರ ನಡೆಗೆ ಜಾಮೀನು ಕೊಡಲಾರ. ಅವನ ಮಾತನ್ನು ಸಾಕ್ಷಿಯ ಮಾತಾಗಿ ಕೇಳಿಸಿಕೊಳ್ಳೋಣ, ತೀರ್ಪು ಬರೆಯುವ ಕೆಲಸ ನಮ್ಮಲ್ಲೇ ಇರಲಿ.

ನಾಯಕರು ಒಂದು ಪಾತ್ರದಿಂದ ಇನ್ನೊಂದು ಪಾತ್ರಕ್ಕೆ ಎಷ್ಟು ಬೇಗ ಹೋಗುತ್ತಾರೆ ಎಂಬುದಕ್ಕೂ ಈ ಜಿಲ್ಲೆಯೇ ಉದಾಹರಣೆ. 2023ರ ಜನವರಿಯಲ್ಲಿ ಸಿದ್ದರಾಮಯ್ಯ ಕೋಲಾರಕ್ಕೆ ಬಂದು, ಇಲ್ಲಿಂದಲೇ ಸ್ಪರ್ಧಿಸುವುದಾಗಿ ಘೋಷಿಸಿದರು. ಕೊನೆಗೆ ಅವರು ವರುಣಾದಲ್ಲಿ ಮಾತ್ರ ನಿಂತರು. ಕೋಲಾರದ ಟಿಕೆಟ್ ಸಿಕ್ಕಿದ್ದು ಕೊತ್ತೂರು ಮಂಜುನಾಥ್ ಅವರಿಗೆ. ಐದು ವರ್ಷದ ಹಿಂದೆ ಕಣದಿಂದ ಹೊರಬಿದ್ದ ಅಭ್ಯರ್ಥಿ ಈಗ ಬೇರೊಬ್ಬರು ಬಿಟ್ಟ ಜಾಗಕ್ಕೆ ಬಂದು ಗೆದ್ದರು. ಮರುವರ್ಷ ಅವರೇ ಲೋಕಸಭೆ ಟಿಕೆಟ್ ಇನ್ನೊಬ್ಬರಿಗೆ ಹೋಗದಂತೆ ತಡೆದವರ ಸಾಲಿನಲ್ಲಿದ್ದರು. ರಾಜಕಾರಣದಲ್ಲಿ ಇದು ತಪ್ಪೇನಲ್ಲ, ಅವರ ಕಸುಬೇ ಅದು. ಆದರೆ ಮುಂಜಾನೆಯ ನಿಷ್ಠೆ ಸಂಜೆಗೆ ಬದಲಾಗುವವರ ಹಿಂದೆ ಮತದಾರ ಮಾತ್ರ ಬದಲಾಗದ ನಿಷ್ಠೆ ಇಟ್ಟುಕೊಳ್ಳಬೇಕೆಂದು ಕೇಳುವುದು ನ್ಯಾಯವಲ್ಲ.

ಎರಡನೇ ಆಕ್ಷೇಪ ಇನ್ನೂ ಬಲವಾದದ್ದು. ನಮ್ಮದು ಪಕ್ಷಗಳ ಚುನಾವಣೆ, ಅಭ್ಯರ್ಥಿ ನೆಪ ಮಾತ್ರ. ಸಂಸತ್ತಿನಲ್ಲಿ ವಿಪ್ ಬಂದರೆ ಸಂಸದ ಕೈಯೆತ್ತಲೇಬೇಕು. ಹಾಗಿರುವಾಗ ಹೆಸರು ಬದಲಾದರೇನು, ಗುರುತು ನೋಡಿ ಒತ್ತಿದರೆ ಸಾಕು ಎನ್ನುವವರಿದ್ದಾರೆ. ಕೇಂದ್ರದಲ್ಲಿ ಯಾರ ಸರ್ಕಾರ ಬರಬೇಕು ಎಂಬುದೇ ಒಬ್ಬನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದರೆ ಆತ ಹಾಗೆ ಮಾಡುವುದು ಸರಿಯೇ, ಅದರಲ್ಲಿ ಯೋಚನೆಗೇಡಿತನವಿಲ್ಲ. ಆದರೆ ಕೋಲಾರದ ಮತದಾರರೆಲ್ಲ ಹಾಗೆ ಮಾಡುತ್ತಾರೆ ಎಂಬುದು ನಿಜವಲ್ಲ. 1991ರಿಂದ ಏಳು ಸಲ ಸತತವಾಗಿ ಗೆದ್ದ ಮುನಿಯಪ್ಪನವರು 2019ರಲ್ಲಿ 2,10,021 ಮತಗಳಿಂದ ಸೋತರು. ಸ್ವಪಕ್ಷದವರೇ ಬಹಿರಂಗವಾಗಿ ಎದುರು ನಿಂತಿದ್ದರು. 2023ರಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕೆಜಿಎಫ್, ಬಂಗಾರಪೇಟೆ, ಕೋಲಾರ, ಮಾಲೂರು, ಚಿಂತಾಮಣಿ, ಹೀಗೆ ಐದು ಕಾಂಗ್ರೆಸ್‌ಗೆ ಬಂದವು. ಕೆಜಿಎಫ್‌ನಲ್ಲಿ ಎಂ. ರೂಪಕಲಾ ಅವರ ಗೆಲುವಿನ ಅಂತರ 50 ಸಾವಿರ ದಾಟಿತ್ತು. ಒಂದೇ ವರ್ಷದಲ್ಲಿ ಅದೇ ಪಕ್ಷ ಅದೇ ಮತದಾರರ ಮುಂದೆ 71,388 ಮತಗಳಿಂದ ಸೋತಿತು. ಗೆದ್ದ ಮಲ್ಲೇಶ್ ಬಾಬು ಅವರನ್ನು ಬಂಗಾರಪೇಟೆ ಹಿಂದಿನ ವರ್ಷವಷ್ಟೇ, ಐದು ಸಾವಿರಕ್ಕೂ ಕಡಿಮೆ ಅಂತರದಲ್ಲಿ, ಶಾಸಕರಾಗುವುದು ಬೇಡವೆಂದಿತ್ತು. ಮೋದಿ ಹೆಸರು, ಮೈತ್ರಿಯ ಕೂಡುಲೆಕ್ಕ, ಹೊರಗಿನ ಅಭ್ಯರ್ಥಿ, ಬಣಜಗಳ, ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ತೂಗಿ ಹೇಳಲಾಗದು. ಗುರುತೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದಕ್ಕೆ ಮಾತ್ರ ಈ ಅಂಕಿಗಳೇ ಸಾಕು.

ಮೂರನೆಯ ಆಕ್ಷೇಪ ಪ್ರಾತಿನಿಧ್ಯದ್ದು. ಕೋಲಾರ ಲೋಕಸಭೆ ಪರಿಶಿಷ್ಟ ಜಾತಿಗೆ ಮೀಸಲು. ಅದರೊಳಗಿನ ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲು ವಿಧಾನಸಭಾ ಕ್ಷೇತ್ರಗಳೂ ಮೀಸಲು. 2024ರ ಟಿಕೆಟ್ ಜಗಳದ ಒಳಗೆ ಪರಿಶಿಷ್ಟ ಜಾತಿಯೊಳಗಿನ ಎಡಗೈ–ಬಲಗೈ ಸಮುದಾಯಗಳ ಪ್ರಶ್ನೆಯೂ ಇತ್ತು. ನಮ್ಮವರಿಗೆ ಟಿಕೆಟ್ ತಪ್ಪಿದ ಮೇಲೆ ಉಳಿದವರಲ್ಲಿ ಆರಿಸುವುದು ಅಂದರೆ ತಪ್ಪಿಸಿದವರಿಗೆ ಸೈ ಎಂದಂತಲ್ಲವೇ ಎಂದು ಒಬ್ಬ ಕೇಳಿದರೆ ಅದನ್ನು ಜಾತೀಯತೆ ಎಂದು ತಳ್ಳಿಹಾಕಲಾಗದು. ದಶಕಗಳ ಕಾಲ ಮೀಸಲಾತಿಯ ಪಾಲು ಒಳಗೇ ಸಮವಾಗಿ ಹಂಚಿಕೆಯಾಗಿಲ್ಲ ಎಂಬ ದೂರಿಗೆ ತೂಕವಿದ್ದುದರಿಂದಲೇ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ಮಾಡಿಕೊಟ್ಟಿತು. ಆದರೆ ಪ್ರಾತಿನಿಧ್ಯದ ಮಾತು ಟಿಕೆಟ್ ಪಡೆದವನ ಮನೆಯ ಗೋಡೆಗೆ ನಿಲ್ಲಬಾರದು. ಗಣಿ ಕಾಲೊನಿಯ ಹತ್ತಡಿ ಅಗಲದ ಮನೆಗೆ ಹಕ್ಕುಪತ್ರವಿಲ್ಲದೆ ಕಾಯುತ್ತಿರುವವರು ಬಹುಪಾಲು ದಲಿತರು. ಆ ಹಕ್ಕುಪತ್ರಕ್ಕಾಗಿ ಸಂಸತ್ತಿನಲ್ಲಿ ಪ್ರಶ್ನೆ ಎತ್ತುವುದೂ ಪ್ರಾತಿನಿಧ್ಯವೇ. ತನ್ನ ಒಳಪಂಗಡದವನು ಕಣದಲ್ಲಿಲ್ಲದಾಗ, ತನ್ನ ಪಂಗಡದ ಕೆಲಸ ಯಾರ ಪ್ರಣಾಳಿಕೆಯಲ್ಲಿದೆ, ಯಾರ ಹಿಂದಿನ ದಾಖಲೆಯಲ್ಲಿದೆ ಎಂದು ನೋಡುವುದು ಸೋಲೊಪ್ಪಿಕೊಂಡಂತಲ್ಲ. ಮೊದಲನೆಯ ರೀತಿಯ ಪ್ರಾತಿನಿಧ್ಯ ಕೈತಪ್ಪಿದಾಗ ಎರಡನೆಯದನ್ನೂ ಬಿಟ್ಟುಕೊಡುವುದೇ ನಿಜವಾದ ನಷ್ಟ.

ಇನ್ನು ಸಿಟ್ಟಿನವರ ದಾರಿ: ಮನೆಯಲ್ಲೇ ಕೂರುವುದು, ಇಲ್ಲವೇ ನೋಟಾ ಒತ್ತುವುದು, ಪಕ್ಷಕ್ಕೆ ಪಾಠ ಕಲಿಸುವುದು. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ನೋಟಾಕ್ಕೆ ಘನತೆಯಿದೆ. ಯಾರೂ ಬೇಡವೆಂದು ಗುಟ್ಟಾಗಿ ಹೇಳುವ ಹಕ್ಕು ಅದು. ಅದರ ಮಿತಿಯನ್ನೂ 2024ರ ಚುನಾವಣೆಯೇ ತೋರಿಸಿತು. ಮಧ್ಯಪ್ರದೇಶದ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೊನೆಯ ಗಳಿಗೆಯಲ್ಲಿ ನಾಮಪತ್ರ ಹಿಂಪಡೆದು ಬಿಜೆಪಿ ಪಾಳಯ ಸೇರಿದರು. ಪಕ್ಷ ನೋಟಾ ಒತ್ತಿ ಎಂದಿತು, ಎರಡು ಲಕ್ಷಕ್ಕೂ ಹೆಚ್ಚು ಜನ ಒತ್ತಿದರು. ದೇಶದಲ್ಲೇ ದಾಖಲೆಯಾಯಿತು. ಗೆದ್ದ ಅಭ್ಯರ್ಥಿಯ ಗೆಲುವಿಗೆ ಒಂದು ಗೀರೂ ಬೀಳಲಿಲ್ಲ. ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರೂ ಹಿಂದೆ ಸರಿದು, ಬಿಜೆಪಿ ಅವಿರೋಧವಾಗಿ ಗೆದ್ದಿತು. ಅಲ್ಲಿ ಮತದಾರನಿಗೆ ನೋಟಾ ಗುಂಡಿಯೂ ಸಿಗಲಿಲ್ಲ. ಆರಿಸಲು ಯಾರೂ ಇಲ್ಲದ ಇಂಥ ಕಡೆ ನೋಟಾ ಒಂದು ಮಾತಾಗಬಹುದು. ಆರಿಸಲು ಯೋಗ್ಯರಿದ್ದಾಗ ಬರೀ ಮುನಿಸಿಗೆ ಅದನ್ನು ಬಳಸಿದರೆ, ಆ ಮುನಿಸಿನ ಅರ್ಥ ಹೇಳುವ ಅಧಿಕಾರವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಂತೆ. ಕೋಲಾರದಲ್ಲಿ 2024ರ ಸೋಲಿನ ನಂತರ ಒಂದು ಬಣ ಇನ್ನೊಂದರತ್ತ ಬೆರಳು ತೋರಿಸಿತು. ಮತ ಹಾಕದೆ ಕೂತವನ ಮೌನವನ್ನು ಇಬ್ಬರೂ ತಮ್ಮ ತಮ್ಮ ವಾದಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳಬಹುದು. ಅಂಥ ಪಾಠದಿಂದ ಯಾರೂ ಏನೂ ಕಲಿಯುವುದಿಲ್ಲ.

ಹಾಗಾದರೆ ಗೆಲ್ಲುವ ಕುದುರೆಗೇ ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ. ಕೆಜಿಎಫ್‌ಗೆ ಈ ಪ್ರಶ್ನೆ ಹೊಸದಲ್ಲ. ಎರಡೆಲೆ ಗುರುತಿನ ಅಣ್ಣಾ ಡಿಎಂಕೆ 1983, 1989 ಮತ್ತು 1999ರಲ್ಲಿ ಇಲ್ಲಿ ಗೆದ್ದಿದೆ. 1985ರಲ್ಲಿ ಸಿಪಿಎಂ, 1994 ಮತ್ತು 2004ರಲ್ಲಿ ರಿಪಬ್ಲಿಕನ್ ಪಕ್ಷ, 2008 ಮತ್ತು 2013ರಲ್ಲಿ ಬಿಜೆಪಿ, ಆಮೇಲಿನ ಎರಡು ಸಲ ಕಾಂಗ್ರೆಸ್. ರಾಜ್ಯದ ಬೇರಾವ ಊರೂ ಇಷ್ಟು ಬಣ್ಣದ ಬಾವುಟಗಳನ್ನು ವಿಧಾನಸೌಧಕ್ಕೆ ಕಳಿಸಿದಂತಿಲ್ಲ. ಗಣಿ ಕಾರ್ಮಿಕ ಸಂಘಗಳು ಗಟ್ಟಿಯಾಗಿದ್ದ ಕಾಲದಲ್ಲಿ ಇವುಗಳಲ್ಲಿ ಮೊದಲ ಮೂರು ಪಕ್ಷಗಳಿಗೆ ನೆಲೆಯಿತ್ತು. ಗಣಿ ಮುಚ್ಚಿ, ಯುವಕರು ರೈಲು ಹತ್ತಿದ ಮೇಲೆ ನೆಲೆ ಸವೆಯಿತು. ಎಷ್ಟೋ ಮನೆಗಳಲ್ಲಿ ಮೆಚ್ಚಿದ ಅಭ್ಯರ್ಥಿ ಮಾತ್ರವಲ್ಲ, ಮೆಚ್ಚಿದ ಪಕ್ಷವೇ ಕಣದಿಂದ ಹೊರಗಾಗಿದೆ. ಅವರು ಎರಡನೇ ಆಯ್ಕೆ ಮಾಡುತ್ತಲೇ ಬಂದಿದ್ದಾರೆ. ಗೆಲ್ಲುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಆದರೆ ಕೊನೆಗೆ, ಮೊದಲಿಗಲ್ಲ. ಫ್ರಾನ್ಸ್‌ನಲ್ಲಿ 2002ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲೇ ಸಮಾಜವಾದಿ ಜೋಸ್ಪಾ ಹೊರಬಿದ್ದಾಗ, ಎಡಪಕ್ಷದ ಮತದಾರರು ತಾವು ಜೀವಮಾನವಿಡೀ ವಿರೋಧಿಸಿದ್ದ ಬಲಪಂಥೀಯ ಶಿರಾಕ್ ಅವರಿಗೆ ಮತ ಹಾಕಿದರು. ತೀವ್ರ ಬಲಪಂಥದ ಲೆ ಪೆನ್ ಬರಬಾರದೆಂಬುದು ಅವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು. ಶಿರಾಕ್‌ಗೆ ಶೇ 82ರಷ್ಟು ಮತ ಬಿತ್ತು. ಅವರಲ್ಲಿ ಬಹಳ ಮಂದಿ ಶಿರಾಕ್ ಅವರನ್ನು ಮೆಚ್ಚಿರಲಿಲ್ಲ, ಆದರೆ ತಾವು ಏಕೆ ಹಾಕುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ಮತ ವ್ಯರ್ಥವಾಗಬಾರದೆಂಬ ಭಯವೊಂದಕ್ಕೇ ಹಾಕಿದ ಮತಕ್ಕೂ ಹೀಗೆ ಕಾರಣ ತಿಳಿದು ಹಾಕಿದ ಮತಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಎರಡನೇ ಆಯ್ಕೆಗೆ ಬೆಲೆ ಕೊಡುವ ಪದ್ಧತಿ ನಮ್ಮಲ್ಲೇ ಇದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಕೋಲಾರ ಜಿಲ್ಲೆಯೂ ಸೇರಿದೆ. 2024ರ ಜೂನ್‌ನಲ್ಲಿ, ಲೋಕಸಭೆ ಗದ್ದಲ ಮುಗಿದ ಬೆನ್ನಿಗೇ, ಬಂಗಾರಪೇಟೆಯ ಹೈಸ್ಕೂಲ್ ಮೇಷ್ಟ್ರು ಅಲ್ಲಿ ಮತ ಹಾಕಿದ್ದು ಪ್ರಾಶಸ್ತ್ಯದ ಲೆಕ್ಕದಲ್ಲಿ: ಮೆಚ್ಚಿದವರ ಮುಂದೆ 1, ಅವರು ಹಿಂದೆ ಬಿದ್ದರೆ ಇವರಿಗೆ ಹೋಗಲಿ ಎಂದು ಇನ್ನೊಬ್ಬರ ಮುಂದೆ 2, ಬೇಕಿದ್ದರೆ 3. ಎಣಿಕೆಯಲ್ಲಿ ಕೊನೆಯ ಸ್ಥಾನದ ಅಭ್ಯರ್ಥಿ ಹೊರಬಿದ್ದಾಗ ಅವರ ಮತಪತ್ರಗಳು ಕಸದ ಬುಟ್ಟಿಗೆ ಹೋಗುವುದಿಲ್ಲ, ಎರಡನೇ ಹೆಸರಿಗೆ ಹೋಗುತ್ತವೆ. ಮತ ವರ್ಗಾವಣೆಯಾಗುತ್ತದೆ, ಆದರೆ ವರ್ಗಾಯಿಸುವವನು ಸ್ವತಃ ಮತದಾರ. ಹೊರಬಿದ್ದ ಅಭ್ಯರ್ಥಿಗೆ ಅದರಲ್ಲಿ ಮಾತಿಲ್ಲ. ಶಿಕ್ಷಕರಿಗೂ ಪದವೀಧರರಿಗೂ ಕೊಟ್ಟಿರುವ ಈ ಅಧಿಕಾರ ಮಾರಿಕುಪ್ಪಂ ರೈಲಿನಲ್ಲಿ ನಿಂತು ಹೋಗುವ ಸೆಕ್ಯುರಿಟಿ ಗಾರ್ಡ್‌ಗೂ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೂ ಏಕಿಲ್ಲ ಎಂದು ಕೇಳಬಹುದು; ಕೋಟಿಗಟ್ಟಲೆ ಮತಗಳ ಎಣಿಕೆಗೆ ಅದು ತೊಡಕು ಎಂಬ ಉತ್ತರವೂ ಇದೆ. ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. 1, 2, 3 ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ.

ಹೊಣೆ ಮತದಾರನದಷ್ಟೇ ಅಲ್ಲ, ಪಕ್ಷಗಳದೂ ಇದೆ. 2014ರಲ್ಲಿ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಅಮೆರಿಕದ ಮಾದರಿಯ ಪ್ರೈಮರಿ ನಡೆಸಿ, ಕಾರ್ಯಕರ್ತರಿಂದಲೇ ಅಭ್ಯರ್ಥಿಯನ್ನು ಆರಿಸಿತ್ತು. ರಾಜ್ಯದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದಕ್ಕೆ ಆಯ್ಕೆಯಾಗಿದ್ದವು. ಒಂದು ಕಡೆ ಸಿ. ನಾರಾಯಣಸ್ವಾಮಿ, ಇನ್ನೊಂದು ಕಡೆ ಜನಾರ್ದನ ಪೂಜಾರಿ ಹೀಗೆ ಆಯ್ಕೆಯಾಗಿ ಕಣಕ್ಕಿಳಿದರು, ಇಬ್ಬರೂ ಸೋತರು. ಸೋತಿತೆಂದು ಪಕ್ಷ ಆ ಪ್ರಯೋಗವನ್ನೇ ಮರೆತುಬಿಟ್ಟಿತು. ಪ್ರೈಮರಿಯ ಉಪಯೋಗ ಗೆಲುವಿನ ಖಾತರಿಯಲ್ಲಿಲ್ಲ. ಸೋತ ಆಕಾಂಕ್ಷಿಯ ಬೆಂಬಲಿಗನಿಗೆ ತಾನು ಯಾವ ಲೆಕ್ಕದಲ್ಲಿ ಸೋತೆನೆಂದು ಅದು ತಿಳಿಸುತ್ತದೆ. ಬಂದ ಅಭ್ಯರ್ಥಿ ಯಾರೆಂದು ನೋಡಲು ಸಮಯ ಕೊಡುತ್ತದೆ. ಅಮೆರಿಕದಲ್ಲಿ 2020ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಬುಟಿಜಜ್ ಮತ್ತು ಕ್ಲೋಬುಚರ್ ಕಣದಿಂದ ಸರಿದು, ಬೈಡನ್ ಅವರನ್ನು ಏಕೆ ಬೆಂಬಲಿಸುತ್ತೇವೆಂದು ಜನರ ಮುಂದೆ ನಿಂತು ಹೇಳಿದರು. ಒಪ್ಪುವುದು ಬಿಡುವುದು ಬೆಂಬಲಿಗರಿಗೆ ಬಿಟ್ಟದ್ದಾಗಿತ್ತು. ನಮ್ಮಲ್ಲಿ ಟಿಕೆಟ್ ಕೈತಪ್ಪಿದವರಿಂದ ಕೇಳಿಬರುವುದು ಹೈಕಮಾಂಡ್ ತೀರ್ಮಾನಕ್ಕೆ ಬದ್ಧ ಎಂಬ ಒಂದೇ ವಾಕ್ಯ. ಆ ವಾಕ್ಯದಲ್ಲಿ ಮತದಾರನಿಗೆ ಬೇಕಾದ ಒಂದು ಮಾಹಿತಿಯೂ ಇರುವುದಿಲ್ಲ. ಇಂಥವರು ಕಣದಲ್ಲಿದ್ದಾರೆ, ಈ ಕೆಲಸಕ್ಕೆ ಇವರಿಂದ ಮಾತು ತೆಗೆದುಕೊಂಡಿದ್ದೇನೆ, ಆದ್ದರಿಂದ ಬೆಂಬಲಿಸುತ್ತೇನೆ ಎನ್ನುವಷ್ಟಾದರೂ ಅವರು ಹೇಳಬೇಕು; ಹೇಳದಿದ್ದರೆ ಕಾರ್ಯಕರ್ತರು ಕೇಳಬೇಕು.

ಈ ಅಭ್ಯಾಸಕ್ಕೆ ಲೋಕಸಭೆ ಚುನಾವಣೆಗಾಗಿಯೇ ಕಾಯಬೇಕಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿದಿದೆ. ಆ ಚುನಾವಣೆ ಎಂದು ಬಂದರೂ ಮೀಸಲಾತಿಯ ಸರದಿ ಬದಲಾಗಿರುತ್ತದೆ. ಕಳೆದ ಸಲ ಸಾಮಾನ್ಯ ಕ್ಷೇತ್ರವಾಗಿದ್ದದ್ದು ಈ ಸಲ ಮಹಿಳೆಗೆ, ಮಹಿಳೆಗಿದ್ದದ್ದು ಪರಿಶಿಷ್ಟರಿಗೆ ಹೋಗಿರುತ್ತದೆ. ನಗರಸಭೆ, ಪುರಸಭೆ ವಾರ್ಡುಗಳಲ್ಲೂ ಇದೇ ಕಥೆ. ಒಳ್ಳೆಯ ಕೆಲಸ ಮಾಡಿದ ಸದಸ್ಯ ಮತ್ತೆ ನಿಲ್ಲುವಂತೆಯೇ ಇರುವುದಿಲ್ಲ. ಸರದಿಯ ಉದ್ದೇಶ ಒಳ್ಳೆಯದು, ಅದು ಹೊಸಬರಿಗೆ ಬಾಗಿಲು ತೆರೆಯುತ್ತದೆ. ಆದರೆ ಅದರ ಫಲವಾಗಿ ಪ್ರತಿ ಸಲವೂ ಸಾವಿರಾರು ಮತದಾರರು ಮೆಚ್ಚಿದವರನ್ನು ಬಿಟ್ಟು ಉಳಿದವರಲ್ಲಿ ಆರಿಸಬೇಕಾಗುತ್ತದೆ. ಹಳೆಯ ಸದಸ್ಯ ತನ್ನ ಹೆಂಡತಿಯನ್ನೋ ಕಾರಿನ ಚಾಲಕನನ್ನೋ ನಿಲ್ಲಿಸಿ, ನನ್ನನ್ನೇ ಗೆಲ್ಲಿಸಿದಂತೆ ಎಂದು ಕೈಮುಗಿಯುತ್ತಾನೆ. ಆಗ ಕೇಳಬೇಕಾದ ಪ್ರಶ್ನೆಗಳು ಮೂರು. ನೀವು ಮಾಡಿದ ಯಾವ ಕೆಲಸವನ್ನು ಇವರು ಮುಂದುವರಿಸುತ್ತಾರೆ? ಸಭೆಯಲ್ಲಿ ಎದ್ದುನಿಂತು ಮಾತಾಡುವವರು ಇವರೋ ನೀವೋ? ಎದುರಿಗೆ ನಿಂತವರಲ್ಲಿ ಇದಕ್ಕಿಂತ ಒಳ್ಳೆಯವರು ಯಾರೂ ಇಲ್ಲವೋ? ಈ ಮೂರಕ್ಕೂ ಉತ್ತರ ಪಡೆದು ಹಾಕಿದ ಮತ ಯಾರಿಗೆ ಬಿದ್ದರೂ ಅದು ಮತದಾರನದ್ದೇ ಆಗಿರುತ್ತದೆ. ಕೆಜಿಎಫ್ ಮತ್ತು ಬಂಗಾರಪೇಟೆಯ ಮತದಾರರು ಮುಂದಿನ ಚುನಾವಣೆಯ ಟಿಕೆಟ್ ಪಟ್ಟಿಗೆ ಕಾಯದೆ ತಮ್ಮ ಬೇಡಿಕೆಗಳ ಪಟ್ಟಿಯನ್ನು ಇಂದೇ ಬರೆದಿಟ್ಟುಕೊಳ್ಳಲಿ. ಯಾರು ಕಣದಲ್ಲಿರಲಿ, ಯಾರು ಬಿಡಲಿ, ಮತ ಕೇಳಲು ಬಂದವರ ಮುಂದೆ ಮೊದಲು ಅದನ್ನು ಇಡಲಿ.